ಜಿಮ್ಮಾ, ಪಾರ್ಕಾ, ಮನೆಯಾ? ಪುರುಸೊತ್ತಿಲ್ಲದವರು ವ್ಯಾಯಾಮ ಆರಿಸಿಕೊಳ್ಳುವ ಬಗೆ

ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮನೆ ಸೇರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಜಿಮ್ ಸೇರಲಾ, ಪಾರ್ಕಿಗೆ ಹೋಗಲಾ, ಇಲ್ಲಾ ಮನೆಯಲ್ಲೇ ಏನಾದರೂ ಮಾಡಲಾ? ಭಾನುವಾರ ಬ್ಯಾಡ್ಮಿಂಟನ್ ಆಡಿದರೆ ಸಾಕಾಗಲ್ವಾ? 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಆಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿ ಕೇಳಿಬಂತು.

ಹೆದರಿಕೆಯಿಂದ ಶುರುವಾದ ವ್ಯಾಯಾಮ ಹೆದರಿಕೆ ಇಳಿದ ಕೂಡಲೇ ನಿಂತುಹೋಗುವುದನ್ನು ತುಂಬ ನೋಡಿದ್ದೇನೆ. ಅದಕ್ಕೇ ನಾನು ಒಂದು ಮಾತನ್ನು ಹಟ ಹಿಡಿದು ಹೇಳುತ್ತೇನೆ. ವ್ಯಾಯಾಮವನ್ನು ನಿಮ್ಮ ಒಳ್ಳೆಯ ದಿನ ನೋಡಿ ಆರಿಸಬೇಡಿ, ಕೆಟ್ಟ ದಿನ ನೋಡಿ ಆರಿಸಿ. ಕ್ವಾರ್ಟರ್ ಕೊನೆ, ಆಡಿಟ್, ಮಗುವಿಗೆ ಜ್ವರ, ರಾತ್ರಿ ಒಂಬತ್ತರವರೆಗೆ ಕಾಲ್. ಆ ದಿನವೂ ಸ್ವಲ್ಪ ಮಟ್ಟಿಗಾದರೂ ನಡೆಯುವಂಥದ್ದು ಯಾವುದೋ ಅದೇ ನಿಮ್ಮದು.

ಎಷ್ಟು ಬೇಕು, ಏನು ನೋಡಬೇಕು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವ ಲೆಕ್ಕ ಹೀಗಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. ಜೊತೆಗೆ ವಾರಕ್ಕೆ ಎರಡು ದಿನವಾದರೂ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಕೊಡುವ ವ್ಯಾಯಾಮ. ಮಧ್ಯಮ ಅಂದರೆ ಮಾತಾಡಬಹುದು, ಆದರೆ ಹಾಡಲು ಆಗಬಾರದು. ಜೋರು ಅಂದರೆ ನಾಲ್ಕು ಪದ ಆಡುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಲೇಬೇಕು ಅಂತ ಮೊದಲು ಇತ್ತು. 2020ರಲ್ಲಿ ಅದನ್ನೂ ತೆಗೆದರು. ಪುರುಸೊತ್ತಿಲ್ಲದವರಿಗೆ ಇದು ದೊಡ್ಡ ಅನುಕೂಲ. ಐದು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ.

ನಮ್ಮಲ್ಲಿ ಎಲ್ಲರೂ ಮರೆಯುವುದು ಆ ಎರಡು ದಿನದ ಸ್ನಾಯುವಿನ ಪಾಠವನ್ನು. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲು ಹೋಗುವುದು ಸ್ನಾಯುವಿಗೆ. ಮನೆತುಂಬ ಶುಗರ್ ಇರುವ ನಾಡಿನಲ್ಲಿ ಇದನ್ನು ಬಿಡುವ ಹಾಗಿಲ್ಲ.

ಇನ್ನು ಆಯ್ಕೆಗಳನ್ನು ತೂಗಲು ನಾನು ಇಟ್ಟುಕೊಂಡಿರುವ ಅಳತೆಗಳು. ಮೊದಲನೆಯದು ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು ಅನ್ನುವುದು. ವ್ಯಾಯಾಮದ 40 ನಿಮಿಷ ಮಾತ್ರ ಎಣಿಸಬೇಡಿ. ಷೂ ಹುಡುಕುವುದರಿಂದ ಸ್ನಾನ ಮುಗಿಯುವವರೆಗೆ ಎಣಿಸಿ. ಎರಡನೆಯದು ಹೃದಯ, ಸ್ನಾಯು ಎರಡಕ್ಕೂ ಕೆಲಸ ಸಿಗುತ್ತದಾ ಅನ್ನುವುದು. ಮೂರನೆಯದು ಒಂದೊಂದು ಸಲಕ್ಕೆ ಬೀಳುವ ಖರ್ಚು. ನಾಲ್ಕನೆಯದು ನೀವು ಹೋಗದಿದ್ದರೆ ಯಾರಾದರೂ ವಿಚಾರಿಸುತ್ತಾರಾ ಅನ್ನುವುದು. ಐದನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಹತ್ತು ದಿನ ತಪ್ಪಿಹೋದ ಮೇಲೆ ವಾಪಸ್ ಶುರು ಮಾಡುವುದು ಎಷ್ಟು ಸುಲಭ?

ತಪ್ಪುವುದಂತೂ ಗ್ಯಾರಂಟಿ. 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತನ್ನು ನಂಬಿಕೊಂಡು ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿದ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾದರೆ ಕೆಲವರ ಅಂದಾಜು 254 ದಿನಕ್ಕೆ ಹೋಯಿತು. ಊಟ, ನೀರಿನ ಅಭ್ಯಾಸಕ್ಕಿಂತ ವ್ಯಾಯಾಮ ಕೂರಲು ಜಾಸ್ತಿ ದಿನ ಬೇಕಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಬೆಳಗಿನ ವಾಕಿಂಗ್

ಖರ್ಚು ಒಂದು ಜೊತೆ ಷೂ ಮಾತ್ರ. ಕಲಿಯುವುದು ಏನೂ ಇಲ್ಲ. ತಿಂಗಳು ಬಿಟ್ಟರೂ ನಾಳೆ ಬೆಳಗ್ಗೆ ಶುರು ಮಾಡಬಹುದು. ನನ್ನ ಐದನೇ ಅಳತೆಯಲ್ಲಿ ವಾಕಿಂಗಿಗೆ ಪೂರ್ತಿ ಅಂಕ. ಕಬ್ಬನ್ ಪಾರ್ಕ್, ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆ, ಹುಬ್ಬಳ್ಳಿಯ ಉಣಕಲ್ ಕೆರೆ, ಇಂಥದ್ದರ ಹತ್ತಿರ ಮನೆ ಇದ್ದರೆ ಎರಡನೇ ಯೋಚನೆ ಬೇಡ. ಬೆಳಗ್ಗೆ ಆರೂವರೆಗೆ ಅಲ್ಲಿ ದಿನಾ ಸಿಗುವ ಮುಖಗಳಿರುತ್ತವೆ. ಎರಡು ದಿನ ಕಾಣದಿದ್ದರೆ 'ಎಲ್ಲಿ ಹೋಗಿದ್ರಿ' ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಯಾವ ಆ್ಯಪ್‌ಗೂ ಇಲ್ಲದ ಶಕ್ತಿ ಇದೆ.

ಕೊರತೆ ಎರಡು. ಒಂದು, ಹೆಚ್ಚಿನವರು ನಡೆಯುವ ವೇಗ ಮಧ್ಯಮ ಶ್ರಮಕ್ಕೂ ಸಾಲುವುದಿಲ್ಲ. ಗುಂಪಿನಲ್ಲಿ ಹರಟೆ ಹೊಡೆಯುತ್ತಾ ಹೋಗುವ ನಲವತ್ತು ನಿಮಿಷ ಮನಸ್ಸಿಗೆ ಹಿತ, ಆದರೆ ಹೃದಯಕ್ಕೆ ಅರ್ಧ ಕೆಲಸ. ಮೂರು ನಿಮಿಷ ಬಿರುಸು, ಮೂರು ನಿಮಿಷ ಸಾಧಾರಣ ಅಂತ ಬದಲಾಯಿಸುತ್ತಾ ನಡೆದರೆ ಇದು ಸರಿಹೋಗುತ್ತದೆ. ಎರಡು, ಮೇಲ್ಮೈಗೆ, ಅಂದರೆ ಬೆನ್ನು, ಭುಜ, ಕೈಗಳಿಗೆ ಏನೂ ಸಿಗುವುದಿಲ್ಲ. ವಾಕಿಂಗ್ ಆರಿಸಿದವರು ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಮನೆಯ ಕಸರತ್ತನ್ನು ಸೇರಿಸಿಕೊಳ್ಳಲೇಬೇಕು.

ಸಂಜೆ ವಾಕಿಂಗ್ ಬೇಕು ಅನ್ನುವವರಿಗೆ ಒಂದು ಮಾತು. ಬೆಂಗಳೂರಿನ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೆಚ್ಚಾಗಿ ಬರುವುದೇ ಸಂಜೆ, ರಾತ್ರಿ ಹೊತ್ತು. ವರ್ಷದ ಅರ್ಧ ಭಾಗ ಆಕಾಶ ನೋಡಿ ತೀರ್ಮಾನ ಮಾಡುವ ಅಭ್ಯಾಸ ನಿಲ್ಲುವುದಿಲ್ಲ. ಕರಾವಳಿಯಲ್ಲಿ ಸೆಕೆ, ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು. ಅಲ್ಲೂ ಬೆಳಗ್ಗೆಯೇ ಗತಿ.

ಜಿಮ್

ಸ್ನಾಯು ಬಲಕ್ಕೆ ಜಿಮ್‌ನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಭಾರವನ್ನು ಎರಡೂವರೆ ಕೆಜಿ, ಐದು ಕೆಜಿ ಅಂತ ಸ್ವಲ್ಪಸ್ವಲ್ಪವೇ ಏರಿಸಬಹುದು. ಮಳೆ, ಬಿಸಿಲು, ಬೀದಿನಾಯಿ ಯಾವ ಕಾಟವೂ ಇಲ್ಲ. ಒಳ್ಳೆ ಟ್ರೇನರ್ ಸಿಕ್ಕರೆ ಬೆನ್ನು ಬಗ್ಗಿಸದೆ ಭಾರ ಎತ್ತುವುದನ್ನು ಕಲಿಸುತ್ತಾರೆ. ಅದು ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವಾಗಲೂ ಉಪಯೋಗಕ್ಕೆ ಬರುತ್ತದೆ.

ತೊಂದರೆ ಇರುವುದು ಹೊತ್ತು ಮತ್ತು ದುಡ್ಡಿನ ಲೆಕ್ಕದಲ್ಲಿ. ಒಳಗೆ ಮಾಡುವುದು 45 ನಿಮಿಷ. ಬ್ಯಾಗ್ ತುಂಬಬೇಕು, ಗಾಡಿ ತೆಗೆಯಬೇಕು, ಎರಡು ಸಿಗ್ನಲ್ ದಾಟಬೇಕು, ನಿಲ್ಲಿಸಲು ಜಾಗ ಹುಡುಕಬೇಕು, ಬೆಂಚ್ ಖಾಲಿಯಾಗುವವರೆಗೆ ಕಾಯಬೇಕು, ವಾಪಸ್ ಬಂದು ಸ್ನಾನ ಮಾಡಬೇಕು. ಒಟ್ಟು ಒಂದೂಮುಕ್ಕಾಲು ಗಂಟೆ ಆಯಿತು. ಕೆಟ್ಟ ದಿನದಲ್ಲಿ ಒಂದೂಮುಕ್ಕಾಲು ಗಂಟೆ ಎಲ್ಲಿಂದ ತರುತ್ತೀರಿ? ಹಾಗಾಗಿ ನನ್ನ ನಿಯಮ ಇಷ್ಟೇ: ಮನೆಯಿಂದ ಅಥವಾ ಆಫೀಸಿನಿಂದ ಹತ್ತು ನಿಮಿಷಕ್ಕಿಂತ ದೂರದ ಜಿಮ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಆಫೀಸಿನ ದಾರಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಮನೆಗೆ ಬಂದು ಸೋಫಾ ಮೇಲೆ ಕೂತ ಮೇಲೆ ಮತ್ತೆ ಹೊರಡುವುದು ಬಹಳ ಕಷ್ಟ.

ದುಡ್ಡಿನ ವಿಚಾರಕ್ಕೆ ಬರೋಣ. ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ಸದಸ್ಯರ ದಾಖಲೆ ಇಟ್ಟುಕೊಂಡು ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಜಾಸ್ತಿ ಕಟ್ಟುತ್ತಿದ್ದ ಸದಸ್ಯರು ಸರಾಸರಿ ತಿಂಗಳಿಗೆ 4.3 ಸಲ ಮಾತ್ರ ಹೋಗುತ್ತಿದ್ದರು. ಒಂದು ಸಲಕ್ಕೆ 17 ಡಾಲರಿಗೂ ಮೇಲೆ ಬಿತ್ತು. ಹತ್ತು ಸಲದ ಪಾಸ್ ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ನಮ್ಮ ಊರಿನ ಲೆಕ್ಕದಲ್ಲಿ ನೋಡಿ. ವರ್ಷಕ್ಕೆ 18,000 ರೂಪಾಯಿ ಫೀಸ್ ಅಂದುಕೊಳ್ಳಿ. ವಾರಕ್ಕೆ ನಾಲ್ಕು ದಿನದಂತೆ ವರ್ಷಕ್ಕೆ 200 ಸಲ ಹೋದರೆ ಸಲಕ್ಕೆ 90 ರೂಪಾಯಿ. ಎರಡು ತಿಂಗಳು ಹೋಗಿ ಬಿಟ್ಟರೆ ಸಲಕ್ಕೆ 500 ರೂಪಾಯಿ ದಾಟುತ್ತದೆ. 'ದುಡ್ಡು ಕಟ್ಟಿದರೆ ಹೋಗೇ ಹೋಗ್ತೀನಿ' ಅನ್ನುವ ನಂಬಿಕೆಯ ಮೇಲೆ ವರ್ಷದ ಆಫರ್ ತಗೋಬೇಡಿ. ಮೊದಲ ಮೂರು ತಿಂಗಳು ತಿಂಗಳ ಫೀಸನ್ನೇ ಕಟ್ಟಿ. ತಿಂಗಳಿಗೆ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ಸೇರುವ ಮುಂಚೆ ಜಿಮ್ ನೋಡಲು ಹೋಗುವುದಾದರೆ ನೀವು ದಿನಾ ಹೋಗುವ ಹೊತ್ತಿಗೇ ಹೋಗಿ. ಮಧ್ಯಾಹ್ನ ಖಾಲಿ ಇರುವ ಹಾಲ್ ಸಂಜೆ ಏಳಕ್ಕೆ ಬೇರೆಯದೇ ಜಾಗ. ಊರಿಗೆ ಹೋದಾಗ, ಹುಷಾರಿಲ್ಲದಾಗ ಸದಸ್ಯತ್ವವನ್ನು ತಡೆಹಿಡಿಯಬಹುದಾ ಅಂತಲೂ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ.

2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಜಿಮ್ ಅಂದರೇ ಬೆಚ್ಚುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆ ನೋವು ಇನ್ನೂ ಆರಿಲ್ಲ. ಆದರೆ ಅಲುಗಾಡದೆ ಕೂತಿರುವುದು ಹೃದಯಕ್ಕೆ ಕ್ಷೇಮ ಅಂತ ಯಾವ ವೈದ್ಯರೂ ಹೇಳುವುದಿಲ್ಲ. ನಲವತ್ತು ದಾಟಿ ವರ್ಷಗಟ್ಟಲೆ ಕೂತೇ ಇದ್ದವರು, ಬಿಪಿ, ಶುಗರ್ ಇರುವವರು, ಸಿಗರೇಟು ಸೇದುವವರು, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಆದವರು ಜೋರು ಕಸರತ್ತಿಗೆ ಇಳಿಯುವ ಮುಂಚೆ ಡಾಕ್ಟರನ್ನು ನೋಡಬೇಕು. ವ್ಯಾಯಾಮ ಮಾಡುವಾಗ ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ಟ್ರಿಕ್ ಅಂದುಕೊಂಡು ಕಾಯಬಾರದು.

ಮನೆಯ ಕಸರತ್ತು

ಬಾಗಿಲಿಂದ ಬಾಗಿಲಿಗೆ ಅನ್ನುವ ಅಳತೆಯಲ್ಲಿ ಮನೆಯನ್ನು ಮೀರಿಸುವುದು ಯಾವುದೂ ಇಲ್ಲ. ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ ನಿಮಿಷ. ನಮ್ಮ ಗರಡಿಮನೆಗಳ ಪೈಲ್ವಾನರು ದಂಡೆ (ಪುಷ್‌ಅಪ್), ಬಸ್ಕಿಯಿಂದಲೇ ಮೈ ಕಟ್ಟಿದರು. ಅವನ್ನು ಇವತ್ತಿನ ಕುರ್ಚಿ ಕೆಲಸದವರಿಗೆ ತಕ್ಕಂತೆ ಇಳಿಸಿಕೊಂಡರೆ ಸಾಕು.

ಬಸ್ಕಿಯನ್ನು ಹೀಗೆ ಶುರು ಮಾಡಿ. ಹಿಂದೆ ಒಂದು ಗಟ್ಟಿ ಕುರ್ಚಿ ಇಡಿ. ಪಾದ ಭುಜದಷ್ಟು ಅಗಲ. ಕುರ್ಚಿ ತಾಗುವವರೆಗೆ ನಿಧಾನವಾಗಿ ಇಳಿದು, ಭಾರ ಬಿಡದೆ ಏಳಿ. ಇಳಿಯುವುದಕ್ಕೆ ಮೂರು ಎಣಿಕೆ, ಏಳುವುದಕ್ಕೆ ಒಂದು. ಮಂಡಿ ಒಳಗೆ ವಾಲಬಾರದು, ಹಿಮ್ಮಡಿ ಮೇಲೇಳಬಾರದು. ಹತ್ತು ಸಲ ಸರಾಗವಾದ ಮೇಲೆ ಕುರ್ಚಿ ತೆಗೆಯಿರಿ, ಆಮೇಲೆ ಪುಸ್ತಕ ತುಂಬಿದ ಬ್ಯಾಗನ್ನು ಎದೆಗೆ ಒತ್ತಿ ಹಿಡಿಯಿರಿ. ದಂಡೆಗೂ ಇದೇ ದಾರಿ: ಮೊದಲು ಗೋಡೆಗೆ ಕೈ ಕೊಟ್ಟು, ನಂತರ ಅಡುಗೆಮನೆ ಕಟ್ಟೆಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ. ಒಂದು ಮಟ್ಟದಲ್ಲಿ ಹನ್ನೆರಡು ಆದ ಮೇಲಷ್ಟೇ ಮುಂದಿನದು. ಉಸಿರು ಹಿಡಿದು ಮಾಡಬೇಡಿ, ಬಿಪಿ ಇರುವವರಂತೂ ಖಂಡಿತ ಬೇಡ. ಮೇಲೇಳುವಾಗ ಉಸಿರು ಬಿಡಿ.

ಸೂರ್ಯ ನಮಸ್ಕಾರವನ್ನೂ ಇಲ್ಲೇ ಸೇರಿಸುತ್ತೇನೆ. ಹನ್ನೆರಡು ಹೆಜ್ಜೆಯ ಈ ಕ್ರಮ ಬಿರುಸಾಗಿ ಮಾಡಿದರೆ ಹೃದಯಕ್ಕೂ ಕೆಲಸ ಕೊಡುತ್ತದೆ, ದಿನವೆಲ್ಲ ಲ್ಯಾಪ್‌ಟಾಪ್ ಮುಂದೆ ಬಗ್ಗಿದ ಬೆನ್ನನ್ನು ಬಿಡಿಸುತ್ತದೆ. ಆದರೆ ಇದರಲ್ಲಾಗಲಿ ದಂಡೆ, ಬಸ್ಕಿಯಲ್ಲಾಗಲಿ 'ಎಳೆಯುವ' ಕೆಲಸ ಇಲ್ಲ. ಬೆನ್ನಿನ ಮೇಲ್ಭಾಗ ಹಾಗೇ ಉಳಿಯುತ್ತದೆ. ಒಂದು ರಬ್ಬರ್ ರೆಸಿಸ್ಟೆನ್ಸ್ ಬ್ಯಾಂಡನ್ನು ಕಿಟಕಿಯ ಗಟ್ಟಿ ಸರಳಿಗೆ ಸಿಕ್ಕಿಸಿ ಎದೆಯ ಕಡೆಗೆ ಎಳೆದುಕೊಂಡರೆ ಆ ಕೊರತೆ ತುಂಬುತ್ತದೆ.

ಹಾಗಾದರೆ ಎಲ್ಲರಿಗೂ ಮನೆಯೇ ಸಾಕಲ್ಲ ಅನ್ನಬಹುದು. ಸಾಲುವುದಿಲ್ಲ, ಕಾರಣ ಮನೆಯೇ. ಕುಕ್ಕರ್ ಕೂಗುತ್ತದೆ, ಡೆಲಿವರಿ ಬೆಲ್ ಹೊಡೆಯುತ್ತದೆ, ಮಗು ಬೆನ್ನ ಮೇಲೆ ಹತ್ತುತ್ತದೆ. ಹೆಣ್ಣುಮಕ್ಕಳಿಗೆ ಇದು ಎರಡು ಪಾಲು ಜಾಸ್ತಿ. ಚಾಪೆ ಹಾಸಿ ನಿಂತವಳಿಗೆ 'ಹೇಗೂ ಮನೇಲೇ ಇದೀಯಲ್ಲ, ಸ್ವಲ್ಪ ಹಾಲು ನೋಡು' ಅನ್ನುತ್ತಾರೆ. ಬಾಗಿಲು ದಾಟಿ ಹೋದವಳಿಗೆ ಹಾಗೆ ಹೇಳಲು ಆಗುವುದಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸಾಕಷ್ಟು ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಈ ಅಂತರವನ್ನು ಆಲಸ್ಯ ಅಂತ ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹೆಂಗಸರಿಗೆ ಬೇಕಿರುವುದು ಯಾರೂ ಕರೆಯದ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗಾಗಿ ಹತ್ತಿರದ ಯೋಗ ಕ್ಲಾಸಿಗೋ ಜಿಮ್‌ಗೋ ಫೀಸ್ ಕಟ್ಟುವುದು ದುಂದು ಅಲ್ಲವೇ ಅಲ್ಲ. ಲೆಕ್ಕದಲ್ಲಿ ಮನೆ ಅಗ್ಗ ಕಂಡರೂ ಅವರ ಪಾಲಿಗೆ ಹೊರಗಿನದ್ದೇ ಸರಿ.

ಆಟ

ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವರ ಊರಾದ ಬೆಂಗಳೂರಿನಲ್ಲಿ ಇವತ್ತು ಬಡಾವಣೆ ಬಡಾವಣೆಗೂ ಬ್ಯಾಡ್ಮಿಂಟನ್ ಕೋರ್ಟ್ ಇದೆ. ನಾಲ್ಕು ಜನ ಕೋರ್ಟಿನ ಬಾಡಿಗೆ ಹಂಚಿಕೊಂಡರೆ ತಲಾ ಖರ್ಚು ಹಗುರ. ಮೂವರು ಕಾಯುತ್ತಿರುವಾಗ ತಪ್ಪಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಜೋರು ಶ್ರಮವನ್ನು ಖುಷಿಯಿಂದ ಮಾಡಿಸುವ ಶಕ್ತಿ ಆಟಕ್ಕಿದೆ. ಆದರೆ ಗುಂಪಿನಲ್ಲಿ ಇಬ್ಬರು ಕೆಲಸ ಬದಲಾಯಿಸಿದರೆ ಆಟ ನಿಂತುಹೋಗುತ್ತದೆ. ಹಾಗಾಗಿ ನಾಲ್ವರ ಬದಲು ಆರೇಳು ಜನರ ಗುಂಪು ಕಟ್ಟಿಕೊಳ್ಳಿ.

ಶನಿವಾರ, ಭಾನುವಾರ ಮಾತ್ರ ಆಡಿದರೆ ಪ್ರಯೋಜನ ಇದೆಯಾ? ಇದೆ. ಬ್ರಿಟನ್ನಿನಲ್ಲಿ ಸುಮಾರು 90 ಸಾವಿರ ಜನರ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ ಕಲೆಹಾಕಿದ ಮಾಹಿತಿಯ ವಿಶ್ಲೇಷಣೆ 2023ರಲ್ಲಿ ಬಂತು. ವಾರದ 150 ನಿಮಿಷದಲ್ಲಿ ಹೆಚ್ಚಿನ ಪಾಲನ್ನು ಒಂದೆರಡು ದಿನದಲ್ಲೇ ಮುಗಿಸುವವರಲ್ಲೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ವಾರವೆಲ್ಲ ಹಂಚಿ ಮಾಡುವವರಷ್ಟೇ ಕಡಿಮೆ ಇತ್ತು. ಎಚ್ಚರ ಬೇಕಿರುವುದು ಕಣಕಾಲು, ಮೀನಖಂಡದ ಬಗ್ಗೆ. ಐದು ದಿನ ಕೂತ ಕಾಲನ್ನು ಆರನೇ ದಿನ ಏಕಾಏಕಿ ಹಾರಿಸಬಾರದು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ಕೋರ್ಟಿಗೇ ಅಂತ ಮಾಡಿದ ಷೂ ಹಾಕಿಕೊಂಡು ಇಳಿಯಿರಿ. ಮಂಡಿನೋವು ಇರುವವರಿಗೆ ಆಟಕ್ಕಿಂತ ಈಜು ಒಳ್ಳೆಯದು, ಕೊಳ ಹತ್ತಿರ ಇದ್ದರೆ.

ಆಫೀಸಿನ ದಾರಿಯಲ್ಲೇ

ಇದನ್ನು ಯಾರೂ ಆಯ್ಕೆ ಅಂತ ಎಣಿಸುವುದೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೊದಲ್ಲಿ ಹೋಗಬಹುದು. ಮನೆಯಿಂದ ಸ್ಟೇಷನ್‌ಗೆ ಹನ್ನೆರಡು ನಿಮಿಷ, ಆ ಕಡೆ ಸ್ಟೇಷನ್‌ನಿಂದ ಆಫೀಸಿಗೆ ಎಂಟು ನಿಮಿಷ ಬಿರುಸಾಗಿ ನಡೆದರೆ ದಿನಕ್ಕೆ ನಲವತ್ತು ನಿಮಿಷ. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋದರೂ 160 ನಿಮಿಷ. ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದ್ದು ಬೇರೆ. ಹೊತ್ತು ಅಷ್ಟೇನೂ ಜಾಸ್ತಿ ಬೇಡ, ಯಾಕೆಂದರೆ ಆಟೊ ಹುಡುಕುತ್ತಾ, ಟ್ರಾಫಿಕ್‌ನಲ್ಲಿ ಕೂತು ಕಳೆಯುವ ಸಮಯವೇ ಇಲ್ಲಿ ನಡಿಗೆ ಆಗುತ್ತದೆ. ದಾವಣಗೆರೆ, ಶಿವಮೊಗ್ಗದಂಥ ಊರುಗಳಲ್ಲಿ ಆಫೀಸು ಎರಡು ಕಿಲೋಮೀಟರ್ ಒಳಗೆ ಇರುವವರು ಬೈಕನ್ನು ಮನೆಯಲ್ಲೇ ಬಿಟ್ಟರೆ ಆಯಿತು. ಫುಟ್‌ಪಾತ್ ಒಡೆದಿರುತ್ತದೆ, ಮಳೆ ಬರುತ್ತದೆ, ವರ್ಕ್ ಫ್ರಮ್ ಹೋಮ್ ದಿನ ಇದು ಶೂನ್ಯ. ಆ ದಿನಗಳಿಗೆ ಮಧ್ಯಾಹ್ನದ ಊಟವಾದ ಮೇಲೆ ಹತ್ತು ನಿಮಿಷದ ನಡಿಗೆ ಇಟ್ಟುಕೊಳ್ಳಿ. ಊಟದ ನಂತರ ಸಕ್ಕರೆ ಏರುವುದನ್ನು ಅದು ತಗ್ಗಿಸುತ್ತದೆ.

ಯಾರಿಗೆ ಯಾವುದು

ಅಮೆರಿಕದ ಟೀಮಿನ ಜೊತೆ ರಾತ್ರಿ ಹನ್ನೊಂದರವರೆಗೆ ಕಾಲ್ ಇರುವವರು ಬೆಳಗ್ಗೆ ಐದೂವರೆಗೆ ಏಳುವ ಶಪಥ ಮಾಡಬೇಡಿ. ನಿದ್ದೆ ಕತ್ತರಿಸಿ ಕಟ್ಟಿದ ಅಭ್ಯಾಸ ಮೂರನೇ ವಾರಕ್ಕೆ ಬೀಳುತ್ತದೆ. ನಿಮಗೆ ಬೆಳಗ್ಗೆ ಹತ್ತರ ಸುಮಾರಿನ ಖಾಲಿ ಜಿಮ್, ಇಲ್ಲವೇ ಸಂಜೆಯ ಕಾಲ್‌ಗಳು ಶುರುವಾಗುವ ಮುಂಚಿನ ಮನೆ ಕಸರತ್ತು ಸರಿ.

ಚಿಕ್ಕ ಮಕ್ಕಳಿರುವ ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಸರದಿ ಹಾಕಿಕೊಳ್ಳಿ: ಸೋಮ, ಬುಧ, ಶುಕ್ರ ಒಬ್ಬರು ಹೊರಗೆ, ಮಂಗಳ, ಗುರು, ಶನಿ ಇನ್ನೊಬ್ಬರು. ಕ್ಯಾಲೆಂಡರ್ ಮೇಲೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ತಿಂಗಳಲ್ಲಿ ಹದಿನೈದು ದಿನ ಟೂರ್ ಮೇಲಿರುವ ಸೇಲ್ಸ್‌ನವರಿಗೆ ಬ್ಯಾಂಡ್ ಮತ್ತು ಬಸ್ಕಿ, ಲಾಡ್ಜಿನ ರೂಮಿನಲ್ಲಿ ಬೇರೆ ಏನೂ ನಡೆಯಲ್ಲ. ದಿನವಿಡೀ ಓಡಾಡುತ್ತಲೇ ಇರುವ ಟೀಚರ್, ನರ್ಸ್‌ಗಳಿಗೆ ನಡಿಗೆ ಆಗಲೇ ಸಾಕಷ್ಟು ಆಗಿರುತ್ತದೆ. ಅವರು ಸ್ನಾಯು ಬಲ ಮತ್ತು ಬೆನ್ನಿನ ಕಡೆ ಗಮನ ಕೊಡಲಿ. ಐವತ್ತು ದಾಟಿದವರು ವಾಕಿಂಗ್ ಜೊತೆ ಕುರ್ಚಿ ಬಸ್ಕಿ, ಒಂಟಿ ಕಾಲಲ್ಲಿ ನಿಲ್ಲುವುದನ್ನು ಸೇರಿಸಿಕೊಳ್ಳಲಿ. ಒಬ್ಬರೇ ಇದ್ದು ಬೇಜಾರಾಗುವವರಿಗೆ ನನ್ನ ಸಲಹೆ ಆಟ ಅಥವಾ ಪಾರ್ಕಿನ ಗುಂಪು, ಬಲವರ್ಧನೆ ಆಮೇಲೆ ನೋಡಿಕೊಂಡರಾಯಿತು.

ಯಾವುದನ್ನೇ ಆರಿಸಿ, ಅದಕ್ಕೊಂದು ಸಣ್ಣ ಆವೃತ್ತಿಯನ್ನೂ ಈಗಲೇ ತೀರ್ಮಾನ ಮಾಡಿಡಿ. ಜಿಮ್ ದಿನ ತಪ್ಪಿದರೆ ಮನೆಯಲ್ಲಿ ಹತ್ತು ಬಸ್ಕಿ, ಹತ್ತು ಗೋಡೆ ದಂಡೆ. ಪಾರ್ಕಿಗೆ ಮಳೆ ಅಡ್ಡ ಬಂದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಐದು ನಿಮಿಷ. ಹೊತ್ತನ್ನೂ ಗಡಿಯಾರಕ್ಕೆ ಕಟ್ಟಬೇಡಿ, ದಿನಾ ತಪ್ಪದೆ ಆಗುವ ಇನ್ನೊಂದು ಕೆಲಸಕ್ಕೆ ಕಟ್ಟಿ: ಫಿಲ್ಟರ್ ಕಾಫಿ ಕುಡಿದ ಮೇಲೆ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಮೇಲೆ. ವ್ಯಾನ್ ಹತ್ತು ನಿಮಿಷ ತಡವಾದರೆ ನಿಮ್ಮ ನಡಿಗೆಯೂ ಹತ್ತು ನಿಮಿಷ ತಡವಾಗುತ್ತದೆ, ತಪ್ಪುವುದಿಲ್ಲ.

ದುಡ್ಡು ಹಾಕುವುದಕ್ಕೂ ಒಂದು ಕ್ರಮ ಇದೆ. ಮೊದಲು ಕಾಲಿಗೆ ಸರಿಯಾದ ಷೂ. ಎರಡನೆಯದು ಬ್ಯಾಂಡ್, ಚಾಪೆ. ಮೂರನೆಯದು ಕಸರತ್ತಿನ ಭಂಗಿ ತಿದ್ದಿಕೊಳ್ಳಲು ಟ್ರೇನರ್ ಹತ್ತಿರ ನಾಲ್ಕೈದು ಕ್ಲಾಸು. ತಿಂಗಳ ಜಿಮ್ ಫೀಸ್ ಆಮೇಲೆ. ಸ್ಮಾರ್ಟ್‌ವಾಚ್ ಕೊನೆಗೆ, ಅದೂ ಇಷ್ಟವಿದ್ದರೆ. ಮನೆಗೆ ಟ್ರೆಡ್‌ಮಿಲ್ ತರುವ ಯೋಚನೆ ಇದ್ದರೆ ಮೂರು ತಿಂಗಳು ಬಿಡದೆ ನಡೆದು ನೋಡಿ. ಆಮೇಲೂ ಬೇಕು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಿ, ಹೆಚ್ಚು ಓಡದ ಯಂತ್ರಗಳು ಅಲ್ಲಿ ಬೇಕಾದಷ್ಟು ಸಿಗುತ್ತವೆ.